ಕುಂಞಮ್ಮದರ ಐದು ಬಟ್ಟೆ

ಒಳಗಿನಿಂದ ಚಿಲಕ ಹಾಕಿ ಅಮೀನತ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹೊರಗಿನಿಂದ ಬಿದ್ದ ಬಡಿತ ಹಲಗೆಯನ್ನು ದಾಟಿ ಅವಳ ಬೆನ್ನಿಗೇ ಬಂದು ತಾಕಿತು.

"ಅಮೀನತ್, ಬಾಗಿಲು ತೆಗೆ. ಇದೆಂತ ಹಟ ನಿಂದು?"

ಇದ್ದಿನಬ್ಬ ಹಾಜಿಯವರ ಸ್ವರ. ಕರಾವಳಿಯಿಂದ ಬಂದು ಅರಬರ ನಾಡಿನ ಸಲಾಲಾದಲ್ಲಿ ನೆಲೆಸಿರುವ ಬ್ಯಾರಿಗಳ ಜಮಾಅತಿಗೆ ಅವರೇ ಅಧ್ಯಕ್ಷರು. ಮದುವೆಯಿರಲಿ, ಸತ್ತವರ ಮಯ್ಯಿತ್ತಿರಲಿ, ಅವರ ಕೈ ಸೋಕದೆ ಮುಗಿಯುತ್ತಿರಲಿಲ್ಲ.

"ಗಂಡಸಿನ ಮಯ್ಯಿತ್ತು ಮೀಯಿಸಲಿಕ್ಕೆ ಗಂಡಸರು ಬಂದು ನಿಂತಾಗಿದೆ. ನೀನು ಆಚೆ ಹೆಂಗಸರ ಬದಿಗೆ ಹೋಗಿ ಕೂತ್ಕೋ."

"ಹೆಂಡತಿ ಗಂಡನನ್ನು ಮೀಯಿಸಬಹುದು, ಹಾಜಿಯವರೇ. ಬೇಕಾದರೆ ಉಸ್ತಾದರನ್ನು ಕೇಳಿ."

ಹೊರಗೆ ಗುಸುಗುಸು ಕೇಳಿತು. ಜಮಾಅತಿನ ಉಸ್ತಾದರು ಊರಿನಿಂದ ಹೊಸದಾಗಿ ಬಂದ ತರುಣರು. ಓದಿದ್ದನ್ನು ಮರೆಯುವಷ್ಟು ವಯಸ್ಸು ಅವರಿಗಿನ್ನೂ ಆಗಿರಲಿಲ್ಲ. "ಅದು ಹೌದು ಹಾಜಿಯವರೇ. ನಮ್ಮ ಶಾಫಿ ಮದ್‌ಹಬಿನಲ್ಲಿ ಅದಕ್ಕೆ ಅಡ್ಡಿ ಇಲ್ಲ" ಎಂದರು.

"ಕಿತಾಬಿನಲ್ಲಿ ಇರಬಹುದು ಉಸ್ತಾದರೇ. ನಾನು ಈ ಊರಿಗೆ ಬಂದು ಇಷ್ಟು ವರ್ಷ ಆಯ್ತು, ಯಾವ ಹೆಂಗಸೂ ಮಯ್ಯಿತ್ತಿನ ಜೊತೆ ಚಿಲಕ ಹಾಕಿಕೊಂಡದ್ದು ನೋಡಿಲ್ಲ. ಯುದ್ಧ ಮಾಡಿದ ಮನುಷ್ಯ ಅವನು. ಅವನಿಗೊಂದು ಮರ್ಯಾದೆ ಬೇಡವಾ?"

"ಮರ್ಯಾದೆಗೇ ಚಿಲಕ ಹಾಕಿದ್ದು" ಎಂದಳು ಅಮೀನತ್.

ಯಾರೋ ನಕ್ಕರು. ಹಾಜಿಯವರು ನಗಲಿಲ್ಲ. ಅವರ ಚಪ್ಪಲಿಯ ಸದ್ದು ನಾಲ್ಕು ಹೆಜ್ಜೆ ದೂರ ಹೋಗಿ ಅಲ್ಲಿಯೇ ನಿಂತಿತು. ಹೋದವರ ಸದ್ದಾಗಿರಲಿಲ್ಲ ಅದು, ಕಾಯುವವರ ಸದ್ದು.

ಕಬರಸ್ಥಾನದ ಅಂಚಿನಲ್ಲಿದ್ದ ಆ ಕೋಣೆಗೆ ಎರಡು ಬಾಗಿಲು, ಒಂದು ಗಂಡಸರ ಅಂಗಳಕ್ಕೆ, ಇನ್ನೊಂದು ಹೆಂಗಸರ ಪಡಸಾಲೆಗೆ. ನಡುವೆ ಕಲ್ಲಿನ ಜಗಲಿ. ಜಗಲಿಯ ಮೇಲೆ ಆಸ್ಪತ್ರೆಯ ನೀಲಿ ಹೊದಿಕೆಯ ಅಡಿಯಲ್ಲಿ ಕುಂಞಮ್ಮದ್ ಮಲಗಿದ್ದರು. ಅರ್ಧ ಶತಮಾನದ ಕಾಲ ಈ ಊರು ಗಂಡಸೆಂದು ನಂಬಿ, ಸಲಾಮು ಹೇಳಿ, ಕಾವಲಿಗೆ ನಿಲ್ಲಿಸಿದ ಆ ಮೈ ಹೆಣ್ಣಿನದಾಗಿತ್ತು. ಅಮೀನತ್ ತಿಳಿದ ಮಟ್ಟಿಗೆ, ಈ ಊರಿನ ಜೀವಂತರಲ್ಲಿ ಅದನ್ನು ಬಲ್ಲವರು ಅವಳು ಮತ್ತು ಇಂದು ಬೆಳಿಗ್ಗೆಯಷ್ಟೇ ಅದನ್ನು ಅರಿತ ಶೆರ್ಲಿನ್. ಉಡುಪಿ ಕಡೆಯ ಕೊಂಕಣಿ ಹುಡುಗಿ ಶೆರ್ಲಿನ್ ಆಸ್ಪತ್ರೆಯಲ್ಲಿ ನರ್ಸ್. ಎದೆಗೆ ಮೆಷಿನ್ನಿನ ವಯರು ಅಂಟಿಸುವಾಗ ಅವಳ ಬೆರಳು ಒಮ್ಮೆ ನಿಂತಿತ್ತು. ಆಮೇಲೆ ಅವಳು ಪರದೆಯನ್ನು ಎಳೆದು, ಬೇರೆ ಯಾರನ್ನೂ ಹತ್ತಿರ ಬಿಡದೆ, ಕೊನೆಗೆ ಅಮೀನತಳ ಕಿವಿಯಲ್ಲಿ ಹೇಳಿದ್ದು ಇಷ್ಟೇ: "ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ ಬರೆಸಿದ್ದೇನೆ ಆಂಟೀ. ಬೇಗ ಕರಕೊಂಡು ಹೋಗಿ."

ಈ ಬಾಗಿಲು ತೆರೆದು ಗಂಡಸರು ಹೊದಿಕೆ ಸರಿಸಿದರೆ ಮುಂದಿನದನ್ನು ಊಹಿಸಬೇಕಾಗಿರಲಿಲ್ಲ. ಪೋಲೀಸರು ಬರುತ್ತಾರೆ. ಮಣ್ಣಿಗೆ ಸೇರಬೇಕಾದ ಮೈ ಮರಳಿ ಆಸ್ಪತ್ರೆಗೆ, ಶೀತಲ ಪೆಟ್ಟಿಗೆಗೆ ಹೋಗುತ್ತದೆ. ಕತ್ತರಿಸುತ್ತಾರೆ, ಪಟ ತೆಗೆಯುತ್ತಾರೆ. ಸುಳ್ಳು ಹೆಸರಿನ ಮನುಷ್ಯನ ಹೆಂಡತಿಯಾಗಿ ವೀಸಾ ಪಡೆದ ಅಮೀನತಳಿಗೆ ಜೈಲು. ಶೆರ್ಲಿನ್‌ಳ ಕೆಲಸ ಹೋಗುತ್ತದೆ. ಹಸಿದಾಗ ಒಬ್ಬಳು ಉಂಡಳೋ ಇಲ್ಲವೋ ಎಂದು ಕೇಳದ ಲೋಕವು, ಸತ್ತ ಮೇಲೆ ಅವಳ ಮೈಯನ್ನು ಪರೀಕ್ಷಿಸಲು ಎಷ್ಟು ಆತುರದಿಂದ ಸಾಲುಗಟ್ಟಿ ನಿಲ್ಲುತ್ತದೆ!

ಅಮೀನತ್ ಕೊಳವೆಯ ನೀರು ಬಿಟ್ಟಳು. ತೋಳು, ಎದೆ, ಕಾಲು ತೊಳೆದಳು. ಬೆನ್ನು ತೊಳೆಯಲು ಎಡಬದಿಗೆ ಹೊರಳಿಸಬೇಕು. ಭುಜಕ್ಕೆ ಕೈ ಕೊಟ್ಟು ಎತ್ತಿದಳು. ಮೈ ಅರ್ಧ ಎದ್ದು ಜಾರಿತು. ಜಗಲಿಯ ಅಂಚಿಗೆ ಬರುವಷ್ಟರಲ್ಲಿ ಅವಳು ಎದೆ ಒತ್ತಿ ತಡೆದಳು. ವಾತ ಹಿಡಿದ ಬೆರಳುಗಳಲ್ಲಿ ಹಿಡಿತ ನಿಲ್ಲುತ್ತಿರಲಿಲ್ಲ. ಇದು ಒಬ್ಬಳ ಕೈಯಿಂದ ಆಗುವ ಕೆಲಸವಲ್ಲವೆಂದು ಅವಳಿಗೆ ತಿಳಿಯಿತು.

*

ಅಮೀನತ್ ಈ ಊರಿಗೆ ಬಂದದ್ದು ಮನೆಕೆಲಸಕ್ಕೆ. "ದೊಡ್ಡ ಮನೆ, ಒಳ್ಳೆಯ ಜನ" ಎಂದಿದ್ದ ಏಜೆಂಟ. ಮನೆ ದೊಡ್ಡದಾಗಿಯೇ ಇತ್ತು. ಬೀಗ ಹೊರಗಿನಿಂದ ಬೀಳುತ್ತಿತ್ತು. ಯಜಮಾನ ನಮ್ಮದೇ ದೇಶದ ವ್ಯಾಪಾರಿ, ಐದು ಹೊತ್ತು ಬಿಡದ ಭಕ್ತ, ಕೆಲಸದವಳ ಕೋಣೆಗೆ ಒಳಚಿಲಕ ಇರಕೂಡದೆಂಬುದು ಅವನ ನಿಯಮ. ಒಂದು ದಿನ ಮಹಡಿಯಲ್ಲಿ ಬಟ್ಟೆ ಒಣಹಾಕುವಾಗ ಕೆಳಗಿನಿಂದ ಯಾರೋ ಬ್ಯಾರಿ ಭಾಷೆಯಲ್ಲಿ, "ಉಂಡೆಯಾ?" ಎಂದು ಕೇಳಿದರು. ಪಕ್ಕದ ಗೋದಾಮಿನ ಕಾವಲುಗಾರ, ಕುಂಞಮ್ಮದ್. ಖಾಕಿ ಅಂಗಿ, ಸಪೂರ ಮೈ, ಗಡ್ಡವಿಲ್ಲದ ಮುಖ. ಆ ಊರಿಗೆ ಬಂದ ಮೇಲೆ ಅವಳನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಅವಳು ಅತ್ತಳು.

ಮುಂದಿನ ಶುಕ್ರವಾರ ಆ ಕಾವಲುಗಾರ ತನ್ನ ವೀಸಾಕ್ಕೆ ಹೊಣೆ ನಿಂತಿದ್ದ ಈ ಊರಿನ ಕಫೀಲನನ್ನು ಕರೆದುಕೊಂಡು ಬಂದು ಆ ಮನೆಯ ಬಾಗಿಲಲ್ಲಿ ನಿಂತ. ಕಫೀಲನ ಎದುರು ಯಜಮಾನ ಬೀಗ ತೆಗೆಯಬೇಕಾಯಿತು. ಒಂಟಿ ಹೆಣ್ಣಿಗೆ ಆಗ ಎರಡೇ ದಾರಿ: ಅದೇ ಏಜೆಂಟನ ಕೈ, ಇಲ್ಲವೇ ನಿಕಾಹ್.

ನಿಕಾಹಿನ ರಾತ್ರಿ ಕುಂಞಮ್ಮದ್ ಮಂಚಕ್ಕೆ ಬರಲಿಲ್ಲ. ಬಾಗಿಲ ಬಳಿ ನೆಲದಲ್ಲಿ ಕುಳಿತು ಹೇಳಿದರು.

"ನಿನ್ನನ್ನು ಆ ಮನೆಯಿಂದ ಬಿಡಿಸಲಿಕ್ಕೆ ಬೇರೆ ದಾರಿ ಇರಲಿಲ್ಲ. ನಾನು ನಿನಗೆ ಗಂಡ ಆಗುವುದಿಲ್ಲ. ಆಗಲಿಕ್ಕೆ ಬರುವುದೂ ಇಲ್ಲ. ನನ್ನ ಹೆಸರು ಬೀಫಾತಿಮ. ಕುಂಞಮ್ಮದ್ ನನ್ನ ಅಣ್ಣ."

ಊರು ಹೆಜಮಾಡಿಯಲ್ಲಿ ಅಣ್ಣನಿಗೆ ಇಲ್ಲಿಗೆ ಬರುವ ಲಾಂಚಿನಲ್ಲಿ ಜಾಗ ನಿಶ್ಚಯವಾಗಿತ್ತು. ಹೊರಡುವ ವಾರದಲ್ಲಿ ಜ್ವರ ಬಂದು ಅವನು ತೀರಿಕೊಂಡ. ಅಪ್ಪ ಮೊದಲೇ ಕಡಲಿಗೆ ಹೋಗಿ ಮರಳಿರಲಿಲ್ಲ. ಮನೆಯಲ್ಲಿ ಉಮ್ಮ, ಇಬ್ಬರು ತಂಗಿಯರು. ಲಾಂಚಿನವರಿಗೆ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಹದಿನೇಳರ ಹುಡುಗಿ ಮೀನಿನ ಕತ್ತಿಯಲ್ಲಿ ಜಡೆ ಕತ್ತರಿಸಿ, ಅಣ್ಣನ ಅಂಗಿ ತೊಟ್ಟು ಹತ್ತಿದಳು. ಸಲಾಲಾದ ಹಿಂದಿನ ಗುಡ್ಡಗಳಲ್ಲಿ ಆಗ ಯುದ್ಧ. ಗುಡ್ಡದ ನೆತ್ತಿಯಲ್ಲಿದ್ದ ಸೈನಿಕರಿಗೆ ನೀರು ಹೊರುವ ಕತ್ತೆಗಳನ್ನು ನಡೆಸುವ ಕೆಲಸ ಸಿಕ್ಕಿತು. ಒಂದು ದಿನ ಕಾವಲಿನವನೊಬ್ಬ ಸತ್ತು ಬಿದ್ದಾಗ ಅವನ ಬಂದೂಕನ್ನು ಹತ್ತಿರ ಇದ್ದವರ ಕೈಗೆ ಕೊಟ್ಟರು. ಹತ್ತಿರ ಇದ್ದದ್ದು ಇವರು. ಯುದ್ಧ ಮುಗಿಯುವವರೆಗೆ ಆ ಬಂದೂಕು ಕೈಯಲ್ಲೇ ಉಳಿಯಿತು.

"ಎದುರಿನಿಂದ ಗುಂಡು ಹಾರಿಸುವವರು ನೀನು ಗಂಡೋ ಹೆಣ್ಣೋ ಎಂದು ಯಾವತ್ತೂ ಕೇಳಲಿಲ್ಲ" ಎಂದರು ಕುಂಞಮ್ಮದ್. "ಸಂಬಳ ಕೊಡುವವರು ಮಾತ್ರ ಕೇಳುತ್ತಾರೆ. ಹಾಗಾಗಿ ಹೇಳಲಿಲ್ಲ."

ಅಮೀನತ್ ಮಂಚದ ಒಂದು ಬದಿಗೆ ಸರಿದು ಕೂತಳು.

"ಹಾಗಾದರೆ ಬಾಗಿಲ ಹತ್ತಿರ ಎಂತಕ್ಕೆ ಕೂತದ್ದು? ನೆಲ ತಣ್ಣಗುಂಟು. ಮಂಚ ಇಬ್ಬರಿಗೆ ಸಾಕು. ಆಚೆ ಬದಿ ಮಲಗಿ."

ಆ ರಾತ್ರಿ ಅವಳು ಒಳಚಿಲಕವನ್ನು ತಾನೇ ಹಾಕಿದಳು. ಚಿಲಕದ ಒಳಗೆ ಮಲಗಿದರೆ ನಿದ್ದೆ ಎಷ್ಟು ಗಾಢವಾಗಿರುತ್ತದೆಂಬುದನ್ನು ಅವಳು ಮರೆತೇ ಬಿಟ್ಟಿದ್ದಳು.

*

ಹೆಂಗಸರ ಬದಿಯ ಬಾಗಿಲನ್ನು ಯಾರೋ ಮೆಲ್ಲನೆ ತಟ್ಟಿದರು.

"ಉಮ್ಮಾ, ಕರ್ಪೂರದ ನೀರು ತಂದಿದ್ದೇನೆ. ಬೇಗ ಮುಗಿಸಿ. ಹಾಜಿಯವರ ಮಾತು ಯಾಕೋ ಸರಿ ಕಾಣುವುದಿಲ್ಲ."

ಇರ್ಫಾನಾ ಮೇಲಿನ ಮಹಡಿಯ ನೆರೆಯವಳು. ಅವಳ ಗಂಡ ಹಾಜಿಯವರ ಅಂಗಡಿಯಲ್ಲಿ ಗುಮಾಸ್ತ. ಆ ಸಂಸಾರದ ಅನ್ನ, ಮನೆ, ವೀಸಾ ಎಲ್ಲವೂ ಹಾಜಿಯವರ ಕೈಯಲ್ಲಿದ್ದವು. ಕರೆಯಬಾರದವಳು ಯಾರಾದರೂ ಇದ್ದರೆ ಇವಳೇ. ಆದರೆ ಬಾಗಿಲ ಆಚೆ ಇದ್ದವಳು ಇವಳೊಬ್ಬಳೇ.

"ಎಂತ ಹೇಳ್ತಿದ್ದಾರೆ?"

"ಮಕ್ಕಳಿಲ್ಲ, ಗಡ್ಡ ಇಲ್ಲ, ಯಾರ ಎದುರಿಗೂ ಅಂಗಿ ತೆಗೆದದ್ದಿಲ್ಲ ಅಂತ. ಇದರಲ್ಲಿ ಏನೋ ಉಂಟು, ಕಂಡು ಹಿಡಿಯದೆ ಬಿಡುವುದಿಲ್ಲ ಅಂತ."

ಅಮೀನತ್ ಬಾಗಿಲು ತೆರೆದಳು. "ಒಳಗೆ ಬಾ. ಹೊರಳಿಸಲಿಕ್ಕೆ ಕೈ ಬೇಕು."

"ನಾನಾ? ಬೇಡ ಉಮ್ಮಾ. ಅನ್ಯ ಗಂಡಸಿನ ಮೈ ನಾನು ನೋಡಬಾರದು."

"ಗಂಡಸಾದರೆ ತಾನೆ?"

ಇರ್ಫಾನಾಳಿಗೆ ಅರ್ಥವಾಗಲಿಲ್ಲ. ಅಮೀನತ್ ಅವಳ ಮಣಿಕಟ್ಟು ಹಿಡಿದು ಒಳಗೆಳೆದು, ಬಾಗಿಲು ಹಾಕಿ, ಹೊದಿಕೆಯ ಅಂಚನ್ನು ಮೇಲೆತ್ತಿದಳು. ಹುಡುಗಿಯ ಕೈಯಲ್ಲಿದ್ದ ಬಕೆಟ್ಟು ವಾಲಿ ಒಂದಿಷ್ಟು ನೀರು ನೆಲಕ್ಕೆ ಚೆಲ್ಲಿತು.

"ಇವರು..." ಎಂದಳು. ಬಕೆಟ್ಟನ್ನು ನೆಲಕ್ಕಿಟ್ಟಳು. "ಇದು ಯಾವಾಗಿಂದ, ಉಮ್ಮಾ?"

"ಹುಟ್ಟಿದಾಗಿಂದ."

ಅಂಥ ಹೊತ್ತಿನಲ್ಲೂ ಇರ್ಫಾನಾಳ ತುಟಿ ನಗುವಿಗೆ ಸೊಟ್ಟಗಾಯಿತು. ಮರುಕ್ಷಣವೇ ಗಂಡಸರ ಬಾಗಿಲ ಕಡೆ ನೋಡಿದಳು. "ನಾನು ನೋಡಿದೆ ಅಂತ ಗೊತ್ತಾದರೆ ನಮ್ಮನ್ನು ಹಾಜಿಯವರು ಉಳಿಸುವುದಿಲ್ಲ. ಮಗುವಿಗೆ ಸ್ಕೂಲು ಈಗಷ್ಟೇ ಸಿಕ್ಕಿದೆ."

"ಹೋಗುವುದಾದರೆ ಹೋಗು. ಏನೂ ನೋಡಿಲ್ಲ ಎಂದು ಹೇಳು. ನಾನೂ ಹಾಗೆಯೇ ಹೇಳುತ್ತೇನೆ."

ಇರ್ಫಾನಾ ಬಾಗಿಲವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟಳು. ಗಂಡಸರ ಅಂಗಳದಿಂದ ಹಾಜಿಯವರ ಕೆಮ್ಮು ಕೇಳಿತು. ಅವಳು ಬೆನ್ನು ತಿರುಗಿಸಿಯೇ ನಿಂತು ಹೇಳಿದಳು: "ನನ್ನ ಹೆರಿಗೆಯ ದಿನ ಜೋರು ಮಳೆ. ಗಂಡ ಡ್ಯೂಟಿಯಲ್ಲಿ. ಕುಂಞಮ್ಮದಾಕ ಟ್ಯಾಕ್ಸಿಯಲ್ಲಿ ನನ್ನ ತಲೆ ಮಡಿಲಲ್ಲಿಟ್ಟುಕೊಂಡು, ಹೀಗೆ ಉಸಿರು ಬಿಡು ಮಗಳೇ, ಹಾಗೆ ಬಿಡು ಅಂತ ಹೇಳಿಕೊಟ್ಟರು. ಗಂಡಸಿಗೆ ಇದೆಲ್ಲ ಹೇಗೆ ಗೊತ್ತು ಅಂತ ನಾನು ಆಮೇಲೆ ಯೋಚಿಸಿದ್ದೆ."

ತಿರುಗಿ ಬಂದು ಅಂಗಿಯ ತೋಳು ಮಡಚಿದಳು. "ಯಾವ ಬದಿಗೆ?"

ಇಬ್ಬರೂ ಸೇರಿ ಹೊರಳಿಸಿದರು. ಎಡಬದಿ, ಬಲಬದಿ, ಕೊನೆಗೆ ಕರ್ಪೂರದ ನೀರು. ಎಡ ಮೊಲೆಯ ಮೇಲೆ ಗುಂಡಿನ ಹಳೆಯ ಗಾಯ ಸುಕ್ಕುಗಟ್ಟಿತ್ತು. ಇರ್ಫಾನಾ ಅಲ್ಲಿ ನೀರನ್ನು ಅಂಗೈಯಿಂದ ಹಾಕಿದಳು. ಹೆಣ್ಣಿನ ಕೂದಲನ್ನು ಮೂರು ಜಡೆ ಹೆಣೆದು ಬೆನ್ನಿಗೆ ಬಿಡಬೇಕೆಂಬುದು ಪದ್ಧತಿ. ಹೆಣೆಯುವಷ್ಟು ಕೂದಲು ಆ ತಲೆಯಲ್ಲಿರಲಿಲ್ಲ. ಅಮೀನತ್ ಹಣಿಗೆಯಿಂದ ಹಿಂದಕ್ಕೆ ಬಾಚಿ, ಮೂರು ಬೈತಲೆ ತೆಗೆದು ಬಿಟ್ಟಳು.

ಇರ್ಫಾನಾ ಕಪಾಟಿನ ಕಡೆ ನಡೆದು, ಗಂಡಸರಿಗೆಂದು ಕಟ್ಟಿಟ್ಟಿದ್ದ ಮೂರು ಬಟ್ಟೆಯ ಕಫನಿಗೆ ಕೈ ಹಾಕಿದಳು.

"ಅದಲ್ಲ" ಎಂದಳು ಅಮೀನತ್. "ಹೆಂಗಸರ ಕಟ್ಟು ತಾ. ಐದರದ್ದು."

*

ಹಿಂದಿನ ವರ್ಷ, ಇಂಥದೇ ಜಿನುಗು ಮಳೆಯ ದಿನಗಳಲ್ಲಿ, ಕುಂಞಮ್ಮದ್ ಅವಳನ್ನು ಗುಡ್ಡ ತೋರಿಸಲು ಕರೆದುಕೊಂಡು ಹೋಗಿದ್ದರು. ಕಲ್ಲು ಮಾತ್ರ ಇದ್ದ ಗುಡ್ಡ ಮಂಜಿನಲ್ಲಿ ಹಸಿರಾಗಿ ನಿಂತಿತ್ತು. ಊರೂರಿನ ಕುಟುಂಬಗಳು ಚಾಪೆ ಹಾಸಿ ಮಾಂಸ ಸುಡುತ್ತಿದ್ದವು, ಮಕ್ಕಳು ಗಾಳಿಪಟ ಬಿಡುತ್ತಿದ್ದರು.

"ಆ ಮಕ್ಕಳು ಓಡುತ್ತಿದ್ದಾರಲ್ಲ, ಅಲ್ಲಿ ನಮ್ಮ ಮರಳಿನ ಚೀಲಗಳಿದ್ದವು" ಎಂದರು. "ಅದರ ಹಿಂದೆ ಸತ್ತವರನ್ನು ಮಲಗಿಸುತ್ತಿದ್ದೆವು. ನನಗೆ ಸಾಯುವ ಹೆದರಿಕೆ ಇರಲಿಲ್ಲ ಅಮೀನತ್. ಸತ್ತ ಮೇಲೆ ಬಟ್ಟೆ ಬಿಚ್ಚುವವರ ಹೆದರಿಕೆ."

"ಈಗ ಯಾರು ಬಿಚ್ಚುತ್ತಾರೆ? ನಾನಿಲ್ಲವಾ?"

"ಹಾಗಾದರೆ ಒಂದು ಮಾತು ಕೊಡು. ಬದುಕಿದಷ್ಟು ದಿನ ಅಣ್ಣನ ಹೆಸರಿನಲ್ಲಿ ಉಂಡೆ, ಅವನ ಹೆಸರಿನಲ್ಲಿ ಗುಂಡು ಹಾರಿಸಿದೆ. ಸತ್ತಾಗ ಐದು ಬಟ್ಟೆ ಉಡಿಸು. ಲುಂಗಿಯ ಹಾಗೆ ಸುತ್ತುವುದೊಂದು, ಅಂಗಿಯೊಂದು, ತಲೆಗೆ ಕಟ್ಟುವುದೊಂದು, ಮೇಲೆ ಹೊದೆಸುವ ಎರಡು. ಉಮ್ಮ ಹೇಗೆ ಹೋದಳೋ ಹಾಗೆ."

ಅಮೀನತ್ ಮಾತು ಕೊಟ್ಟಳು. ಪಕ್ಕದ ಚಾಪೆಯವರು ಇಬ್ಬರಿಗೂ ಸುಟ್ಟ ಮಾಂಸದ ತುಂಡುಗಳನ್ನು ಎಲೆಯಲ್ಲಿಟ್ಟು ತಂದುಕೊಟ್ಟರು. ಕುಂಞಮ್ಮದ್ ಎದ್ದು ನಿಂತು, ಸೈನಿಕನಂತೆ ಎದೆ ಸೆಟೆಸಿ, ಎರಡೂ ಕೈಯಿಂದ ಅದನ್ನು ಸ್ವೀಕರಿಸಿದರು.

*

ಹೊರಗಿನ ಬಿಳಿ ಹೊದಿಕೆ ಗಂಡಿಗೂ ಹೆಣ್ಣಿಗೂ ಒಂದೇ. ಅದನ್ನು ಸುತ್ತಿ ತಲೆಯ ಬಳಿ, ನಡುವಿಗೆ, ಕಾಲ ಬಳಿ ಗಂಟು ಹಾಕಿದ ಮೇಲೆ ಒಳಗೇನಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಇರ್ಫಾನಾ ಹೆಂಗಸರ ಬದಿಯಿಂದ ಜಾರಿದಳು. ಅಮೀನತ್ ಗಂಡಸರ ಬಾಗಿಲ ಚಿಲಕ ತೆಗೆದಳು.

ಹಾಜಿಯವರು ಒಳಗೆ ಬಂದು ಸುತ್ತ ನೋಡಿದರು. ಜಗಲಿಯ ಅಂಚು, ಬಕೆಟ್ಟು, ನೆಲದ ನೀರು, ಕಪಾಟು.

"ಒಬ್ಬಳೇ ಮೀಯಿಸಿದೆಯಾ?"

"ಅಲ್ಲಾಹನು ಕೈ ಕೊಟ್ಟ."

"ಆಯ್ತು. ಮುಖದ ಗಂಟು ಬಿಚ್ಚು. ಜನ ಕೊನೆಯ ಸಲ ನೋಡಬೇಕು. ಊರಿನ ಗುಂಪಿಗೆ ಒಂದು ಫೋಟೋ ಕೂಡ ಹಾಕಬೇಕು."

ಮುಖ ತೆರೆದರೆ ತಲೆಗೆ ಕಟ್ಟಿದ ಬಟ್ಟೆ ಕಾಣುತ್ತದೆ. ಅಮೀನತ್ ಜಗಲಿಯ ತಲೆಯ ಕಡೆ ಅಡ್ಡ ನಿಂತಳು. "ಬಿಚ್ಚುವುದಿಲ್ಲ. ಅವರು ಹೇಳಿ ಹೋದದ್ದು ಹಾಗೆ."

"ಯಾವತ್ತು ಹೇಳಿದ್ದು? ಯಾರೆದುರು ಹೇಳಿದ್ದು?" ಹಾಜಿಯವರು ಈಗ ಮೆಲ್ಲಗೆ ಮಾತಾಡುತ್ತಿದ್ದರು, ಅವರ ಮೆಲುದನಿಗೆ ಬಡಿತಕ್ಕಿಂತ ಹೆಚ್ಚು ಹೆದರಬೇಕಿತ್ತು. "ನೋಡು, ಇವನಿಲ್ಲದ ಮೇಲೆ ನಿನಗೆ ಇಲ್ಲಿ ಜಮಾಅತು ಬಿಟ್ಟರೆ ಯಾರಿದ್ದಾರೆ? ಒಂದು ಫೋನು ಮಾಡಿದರೆ ಸಾಕು ನಾನು. ಸರಿ ಆಚೆ."

ಅವರ ಕೈ ಗಂಟಿನ ಕಡೆ ಚಾಚಿತು.

"ಬಸ್. ಖಲಾಸ್."

ಬಾಗಿಲಲ್ಲಿ ಊರುಗೋಲು ಹಿಡಿದ ಮುದುಕರೊಬ್ಬರು ನಿಂತಿದ್ದರು. ಕುಂಞಮ್ಮದರ ಕಫೀಲ, ಗುಡ್ಡದ ಮನೆತನದ ಸಾಲಿಂ. ಸೈನ್ಯದ ದಿನಗಳಲ್ಲಿ ಕಲಿತ ಹಿಂದಿಯಲ್ಲೇ ಅವರು ಬ್ಯಾರಿಗಳೊಂದಿಗೆ ಮಾತಾಡುತ್ತಿದ್ದರು. "ಕಟ್ಟಿದ ಕಫನ್ ಯಾಕೆ ಬಿಚ್ಚುತ್ತೀರಿ?"

"ಅರ್ಬಾಬ್, ಜನರಿಗೆ ಮುಖ..."

"ಈ ಮುಖ ಪ್ರತಿ ಶುಕ್ರವಾರ ಮಸೀದಿಯ ಕೊನೆಯ ಸಾಲಿನಲ್ಲಿ ಇತ್ತು. ಆಗ ನೋಡಬೇಕಿತ್ತು."

ಈ ನಾಡಿನವರ ಮುಂದೆ ಪರದೇಶದವರಿಗೆ ಮಾತಿಲ್ಲ. ಹಾಜಿಯವರು ಕೈ ಹಿಂದೆಗೆದರು. ನಾಲ್ವರು ಬಂದು ಕಟ್ಟನ್ನು ಮಯ್ಯಿತ್ತಿನ ಮಂಚಕ್ಕೆ ಸರಿಸಿ ಎತ್ತಿದರು. ಎಲ್ಲರೂ ಹೊರನಡೆದ ಮೇಲೆ ಸಾಲಿಂ ಅಮೀನತಳ ಹತ್ತಿರ ಬಂದರು.

"ಗುಂಡು ಬಿದ್ದ ದಿನ ಇವರನ್ನು ಗುಡ್ಡದಿಂದ ಕತ್ತೆಯ ಬೆನ್ನಿಗೆ ಕಟ್ಟಿ ಇಳಿಸಿದವನು ನಾನು. ಎದೆಯ ಗಾಯಕ್ಕೆ ಬಟ್ಟೆ ಸುತ್ತಿದವನೂ ನಾನೇ."

ಕುಂಞಮ್ಮದರ ವೀಸಾದ ಮೆಡಿಕಲ್ಲಿಗೆ ಪ್ರತಿ ಸಲವೂ ಕಫೀಲರೇ ಖುದ್ದಾಗಿ ಜೊತೆಗೆ ಹೋಗಿ, ಒಳಗಿನವರೊಡನೆ ಮಾತಾಡಿ ಬರುತ್ತಿದ್ದದ್ದು ಯಾಕೆಂದು ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ.

"ನಮಾಜು ನಾನು ಮಾಡಿಸುತ್ತೇನೆ" ಎಂದರು ಸಾಲಿಂ. "ಮನುಷ್ಯರ ಮುಂದೆ ಐವತ್ತು ವರ್ಷ ಸುಮ್ಮನಿದ್ದೆ. ಅಲ್ಲಾಹನ ಮುಂದೆ ಸುಳ್ಳಾಗಿ ನಿಲ್ಲಲಾರೆ."

"ಅರ್ಬಾಬ್, ಹಾಜಿಯವರು ನನ್ನನ್ನು ಬಿಡುವುದಿಲ್ಲ" ಎಂದಳು ಅಮೀನತ್.

ಸಾಲಿಂ ಊರುಗೋಲೂರಿ ಅಂಗಳಕ್ಕೆ ಇಳಿದರು.

*

ಹೆಂಗಸರು ನಮಾಜಿನ ಸಾಲಿಗೆ ಬರುವ ರೂಢಿಯಿರಲಿಲ್ಲ. ಇರ್ಫಾನಾಳ ಕಾರಿನಲ್ಲಿ ಇಬ್ಬರೂ ಕುಳಿತರು. ಮಂಜಿನಂಥ ಮಳೆ ಗಾಜಿನ ಮೇಲೆ ಕೂರುತ್ತಿತ್ತು. ವೈಪರ್ ಒಮ್ಮೆ ಒರೆಸಿದಾಗ ಅಂಗಳ ಕಾಣುತ್ತಿತ್ತು, ಮತ್ತೆ ಮಸುಕಾಗುತ್ತಿತ್ತು. ಬಿಳಿ ಕಟ್ಟು ನಮಾಜಿನ ದಿಕ್ಕಾದ ಕಿಬ್ಲಾಕ್ಕೆ ಅಡ್ಡಲಾಗಿ ಮಲಗಿತ್ತು. ಗಂಡಸರು ಸಾಲು ಸರಿಪಡಿಸಿಕೊಂಡರು. ಮೊದಲ ಸಾಲಿನ ನಡುವೆ ಹಾಜಿಯವರು, ಪಕ್ಕದಲ್ಲಿ ಉಸ್ತಾದರು.

ಸತ್ತವರು ಗಂಡಾದರೆ ನಮಾಜು ಮಾಡಿಸುವವರು ತಲೆಯ ನೇರಕ್ಕೆ ನಿಲ್ಲುತ್ತಾರೆ, ಹೆಣ್ಣಾದರೆ ನಡುವಿನ ನೇರಕ್ಕೆ. ಈ ಪದ್ಧತಿ ಗುಡ್ಡದವರಿಗೂ ಒಂದೇ, ಬ್ಯಾರಿಗಳಿಗೂ ಒಂದೇ. ಮದ್ರಸಕ್ಕೆ ಹೋದ ಮಕ್ಕಳೂ ಬಲ್ಲರು.

ಸಾಲಿಂ ತಲೆಯ ಬಳಿ ಬಂದರು. ಊರುಗೋಲನ್ನು ನೆಲಕ್ಕಿಟ್ಟರು. ಒಂದು ಕ್ಷಣ ಕಟ್ಟಿನ ಮೇಲೆ ಕಣ್ಣಿಟ್ಟು ನಿಂತರು. ಆಮೇಲೆ ತಮ್ಮ ಬಗ್ಗಿದ ಮೈಯನ್ನು ಹೊತ್ತು, ಭುಜವನ್ನು ದಾಟಿ, ಎದೆಯನ್ನು ದಾಟಿ ನಡೆದು, ನಡುವಿನ ನೇರಕ್ಕೆ ಬಂದು ಪಾದ ಊರಿದರು.

ಸಾಲುಗಳು ಕದಲಲಿಲ್ಲ. ಉಸ್ತಾದರ ತಲೆ ಒಮ್ಮೆ ಮೇಲೆದ್ದು, ಕೆಳಗಾಯಿತು. "ಉಮ್ಮಾ" ಎಂದಳು ಇರ್ಫಾನಾ. ಅವಳ ಕೈ ಕಾರಿನ ಲಾಕಿನ ಗುಂಡಿಯನ್ನು ಹುಡುಕಿ ಒತ್ತಿತು.

"ಅಲ್ಲಾಹು ಅಕ್ಬರ್."

ಮೊದಲು ಉಸ್ತಾದರ ಕೈಗಳು ಏರಿದವು. ಬಳಿಕ ಒಂದೊಂದಾಗಿ, ಸಾಲು ಸಾಲಾಗಿ, ಎಲ್ಲರ ಕೈಗಳು. ಮೊದಲ ಸಾಲಿನ ನಡುವೆ ಒಂದು ಜೊತೆ ಕೈ ಮಾತ್ರ ಕೆಳಗೇ ಉಳಿಯಿತು. ಹಾಜಿಯವರ ಮುಖ ಕಿಬ್ಲಾದಿಂದ ಹೊರಳಿ ಕಾರಿನತ್ತ ತಿರುಗಿತ್ತು.

ಅಮೀನತ್ ತನ್ನ ಬದಿಯ ಗಾಜನ್ನು ಪೂರ್ತಿ ಇಳಿಸಿದಳು. ಮಳೆ ಅವಳ ಮುಖದ ಮೇಲೆ, ತೊಡೆಯ ಮೇಲೆ ಬಿತ್ತು. ಅವರ ಕಣ್ಣಿನಿಂದ ಕಣ್ಣು ಕೀಳದೆ ಅವಳು ಕರ್ಪೂರದ ವಾಸನೆ ಇನ್ನೂ ಆರದ ತನ್ನ ಎರಡೂ ಕೈಗಳನ್ನು ಕಿವಿಯವರೆಗೆ ಎತ್ತಿದಳು.